ಹಳೆಯ ಗೋಲುಳಿಗೆ ಮತ್ತೆ ಬಾಯಿ ಕಟ್ಟುವುದು: ತುಕ್ಕು ಬಿಡಿಸುವುದರಿಂದ ಚರ್ಮದ ಪಟ್ಟಿಯವರೆಗೆ

ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ ಸವೆದ ಅರ, ತುಕ್ಕು ಹಿಡಿದ ಸ್ಪ್ಯಾನರ್‌ಗಳ ರಾಶಿಯಲ್ಲಿ ಒಮ್ಮೊಮ್ಮೆ ಕೆತ್ತನೆಯ ಗೋಲುಳಿ, ಅಂದರೆ ಅಲಗು ಕಾಲುವೆಯಂತೆ ಬಾಗಿರುವ ಉಳಿ, ಕಣ್ಣಿಗೆ ಬೀಳುತ್ತದೆ. ಸಾಗರ, ಸೊರಬದ ಕಡೆ ಗುಡಿಗಾರರ ಮನೆಗಳಲ್ಲಿ ತಲೆಮಾರು ದಾಟಿ ಬಂದ ಉಳಿಗಳೂ ಇವೆ. ಇಂಥ ಉಳಿ ಕೈಗೆ ಸಿಕ್ಕವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ: ಹೊರಮೈಯನ್ನು ಗ್ರೈಂಡರ್‌ಗೆ ಒತ್ತಿ ಹೊಳೆಯುವಂತೆ ಮಾಡುವುದು. ಉಳಿ ಮಿಂಚುತ್ತದೆ, ಆದರೆ ಮರವನ್ನು ಕತ್ತರಿಸುವ ಬದಲು ಹರಿದುಹಾಕುತ್ತದೆ. ಯಾಕೆಂದರೆ ಉಳಿಯ ಬಾಯಿ ಅನ್ನುವುದು ಎರಡು ಮೈಗಳು ಕೂಡುವ ಗೆರೆ. ಹೊರಗಿನ ಓರೆ (ಬಾಯಿಯ ಕಡೆಗೆ ಇಳಿಜಾರಾಗಿ ತೇದ ಮೈ) ಎಷ್ಟೇ ನಯವಾಗಿದ್ದರೂ ಒಳಗಿನ ಕಾಲುವೆಯಲ್ಲಿ ತುಕ್ಕಿನ ಗುಳಿಗಳಿದ್ದರೆ ಆ ಗೆರೆ ಗರಗಸದಂತೆಯೇ ಇರುತ್ತದೆ. ಹಾಗಾಗಿ ಇಲ್ಲಿ ಹೇಳುವ ಕೆಲಸದ ಅರ್ಧಕ್ಕಿಂತ ಹೆಚ್ಚು ಭಾಗ ಒಳಮೈಯದೇ.

ಕೊಳ್ಳುವ ಮೊದಲು ನೋಡಬೇಕಾದದ್ದು

ಹಿಡಿ ಒಡೆದಿದ್ದರೆ ಚಿಂತೆಯಿಲ್ಲ, ಅದು ಒಂದು ಸಂಜೆಯ ಕೆಲಸ. ಮೊದಲು ನೋಡಬೇಕಾದದ್ದು ಬಾಯಿಯಿಂದ ಹಿಂದಕ್ಕೆ ಒಂದು ಇಂಚು ಒಳಮೈ. ಉಗುರಿನಿಂದ ಗೀರಿ. ಉಗುರು ಅಲ್ಲಲ್ಲಿ ಸಿಕ್ಕಿಬಿದ್ದರೆ ಗುಳಿ ಆಳವಾಗಿದೆ ಎಂದರ್ಥ. ಬಾಯಿಯ ಹತ್ತಿರದ 3–4 ಮಿಲಿಮೀಟರ್‌ನಲ್ಲಿ ಮಾತ್ರ ಗುಳಿಗಳಿದ್ದರೆ ಅಷ್ಟನ್ನು ತೇದು ಹಿಂದೆ ಸರಿಯಬಹುದು. ಕಾಲುವೆಯ ಉದ್ದಕ್ಕೂ ಸಿಡುಬಿನ ಕಲೆಯಂತೆ ಹರಡಿದ್ದರೆ ಬಿಟ್ಟುಬಿಡಿ, ಎಷ್ಟು ಚೀಪಾಗಿ ಸಿಕ್ಕಿದರೂ ಬೇಡ.

ಬಿರುಕು ಕಂಡುಹಿಡಿಯಲು ಉಳಿಯನ್ನು ಬಾಲದ (ಹಿಡಿಯೊಳಗೆ ಇಳಿಯುವ ಚೂಪು ತುದಿಯ) ಕಡೆಯಿಂದ ಎರಡು ಬೆರಳಲ್ಲಿ ತೂಗಹಿಡಿದು ಇನ್ನೊಂದು ಕಬ್ಬಿಣದಿಂದ ಮೆಲ್ಲಗೆ ಬಡಿಯಿರಿ. ಸರಿಯಿರುವ ಉಳಿ ಗಂಟೆಯಂತೆ ಎಳೆದು ನುಡಿಯುತ್ತದೆ, ಬಿರುಕು ಬಿಟ್ಟದ್ದು ಟಪ್ ಅನ್ನುತ್ತದೆ. ಹಿಡಿ ಕೂತಿದ್ದರೆ ಈ ಪರೀಕ್ಷೆ ಕೆಲಸಕ್ಕೆ ಬಾರದು.

ಅಲಗಿನ ಬುಡದಲ್ಲಿರುವ ಮುದ್ರೆಯನ್ನು ಒರೆಸಿ ಓದಿ. ಆಡಿಸ್, ಹೆರಿಂಗ್ ಬ್ರದರ್ಸ್, ಮಾರ್ಪಲ್ಸ್, ವಾರ್ಡ್ ಅಂಡ್ ಪೇನ್ ಹೆಸರುಗಳು ಇಂಗ್ಲೆಂಡಿನ ಹಳೆಯ ಉಳಿಗಳ ಮೇಲೆ ಸಿಗುತ್ತವೆ. ಕೆಲವು ಆಡಿಸ್ ಉಳಿಗಳ ಮೇಲೆ 1851ರ ಲಂಡನ್ ಪ್ರದರ್ಶನದ ಪದಕದ ಉಲ್ಲೇಖವೂ ಇರುತ್ತದೆ. 'ಕಾಸ್ಟ್ ಸ್ಟೀಲ್' ಎಂದಿದ್ದರೆ ಬೀಡುಕಬ್ಬಿಣವೆಂದು ತಪ್ಪು ತಿಳಿಯಬೇಡಿ. ಅದು ಮೂಸೆಯಲ್ಲಿ ಕರಗಿಸಿ ಎರಕ ಹೊಯ್ದ ಉಕ್ಕು, 1740ರ ದಶಕದಲ್ಲಿ ಶೆಫೀಲ್ಡ್‌ನ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದ ವಿಧಾನದ್ದು. (ಮೂಸೆಯ ಉಕ್ಕು ನಮ್ಮ ಕಡೆಗೆ ಅದಕ್ಕೂ ಎಷ್ಟೋ ಮೊದಲಿನಿಂದ ಗೊತ್ತು. 'ವೂಟ್ಜ್' ಎಂಬ ಹೆಸರು ನಮ್ಮ 'ಉಕ್ಕು' ಪದದಿಂದಲೇ ಬಂತೆಂದು ಬಹುಮಂದಿ ಒಪ್ಪುತ್ತಾರೆ.) ಮುದ್ರೆಯ ಜೊತೆಗಿರುವ ಅಂಕಿ ಬಾಗನ್ನು ಸೂಚಿಸುತ್ತದೆ. ಶೆಫೀಲ್ಡ್ ಲೆಕ್ಕದಲ್ಲಿ 3 ಅಂದರೆ ಬಹುತೇಕ ಚಪ್ಪಟೆ, 9 ಅಂದರೆ ಅರ್ಧವೃತ್ತ, 11 ಅಂದರೆ ಯು ಆಕಾರದ ಆಳದ ಕಾಲುವೆ.

ಮುದ್ರೆಯೇ ಇಲ್ಲದ ಉಳಿ ಊರ ಕಮ್ಮಾರ ಬಡಿದದ್ದಾಗಿರಬಹುದು. ಹಳೆಯ ಅರದಿಂದ ಮಾಡಿದ್ದರೆ ಉಕ್ಕಿನಲ್ಲಿ ಇಂಗಾಲ ಹೆಚ್ಚು: ಹರಿತ ಚೆನ್ನಾಗಿ ನಿಲ್ಲುತ್ತದೆ, ಆದರೆ ಅಂಚು ಚಕ್ಕೆ ಏಳುವ ಸ್ವಭಾವ. ಲಾರಿಯ ಪಟ್ಟಿ ಸ್ಪ್ರಿಂಗಿನಿಂದ ಮಾಡಿದ್ದರೆ ಗಟ್ಟಿ, ಸುಲಭಕ್ಕೆ ಮುರಿಯದು, ಆದರೆ ತೀರಾ ತೆಳ್ಳನೆ ಬಾಯಿ ಕೊಟ್ಟರೆ ಮಡಚಿಕೊಳ್ಳುತ್ತದೆ. ಎರಡನ್ನೂ ಒಂದೇ ಕೋನದಲ್ಲಿ ಮಸೆದು ಬೈದುಕೊಳ್ಳುವವರೇ ಹೆಚ್ಚು.

ಹದ ನೋಡುವುದು

ಸಣ್ಣ ಹೊಸ ಅರವೊಂದನ್ನು ಉಳಿಯ ಬೆನ್ನಿನ ಮೇಲೆ, ಬುಡದಿಂದ ಬಾಯಿಯ ಕಡೆಗೆ ಅಲ್ಲಲ್ಲಿ ಹಗುರವಾಗಿ ಎಳೆಯಿರಿ. ಮೆತ್ತಗಿರುವ ಕಡೆ ಅರ ಕಚ್ಚಿ ಪುಡಿ ಉದುರುತ್ತದೆ, ಹದವಾಗಿರುವ, ಅಂದರೆ ಕಾಯಿಸಿ ತಣಿಸಿ ಗಡಸು ಮಾಡಿದ, ಕಡೆ ಜಾರುತ್ತದೆ. ಬುಡ ಮೆತ್ತಗಿರುವುದು ಸಹಜ, ಇರಲೂಬೇಕು. ಬಾಯಿಯ ಹತ್ತಿರವೇ ಅರ ಕಚ್ಚಿದರೆ ಯಾರೋ ಗ್ರೈಂಡರ್‌ನಲ್ಲಿ ಸುಟ್ಟಿದ್ದಾರೆ. ಹದ ಮಾಡಿದ ಕಾರ್ಬನ್ ಉಕ್ಕು ಸುಮಾರು 200–230 ಡಿಗ್ರಿಯಲ್ಲಿ ಹುಲ್ಲಿನ ಹಳದಿಗೆ, 300ರ ಆಸುಪಾಸಿನಲ್ಲಿ ನೀಲಿಗೆ ತಿರುಗುತ್ತದೆ. ನೀಲಿ ಕಂಡಿತೆಂದರೆ ಅಲ್ಲಿ ಹರಿತ ನಿಲ್ಲದು. ಬಣ್ಣವನ್ನು ಎಮರಿಯಿಂದ ಉಜ್ಜಿ ತೆಗೆದರೂ ಮೆತ್ತಗಾದ ಉಕ್ಕು ಮೆತ್ತಗೇ. ಸಾಮಾನ್ಯವಾಗಿ ಸುಟ್ಟ ಭಾಗ 2–5 ಮಿಲಿಮೀಟರ್ ಅಷ್ಟೇ ಇರುತ್ತದೆ, ಅದನ್ನು ತಣ್ಣಗೆ ತೇದು ದಾಟಿದರೆ ಆಚೆ ಒಳ್ಳೆಯ ಉಕ್ಕು ಸಿಗುತ್ತದೆ.

ಇಡೀ ಅಲಗು ಮೆತ್ತಗಿದ್ದರೆ ಮಾತ್ರ ಮತ್ತೆ ಹದ ಕೊಡಬೇಕು. ಬಾಯಿಯಿಂದ 40–50 ಮಿಲಿಮೀಟರ್ ಭಾಗವನ್ನು ಅಯಸ್ಕಾಂತ ಹಿಡಿಯದ ಮಟ್ಟಕ್ಕೆ, ಅಂದರೆ 770 ಡಿಗ್ರಿಯನ್ನು ತುಸು ದಾಟುವಂತೆ ಕಾಯಿಸಿ, ಬೆಚ್ಚಗಿನ ಕಡಲೆಕಾಯಿ ಎಣ್ಣೆಗೆ ನೇರವಾಗಿ ಇಳಿಸಿ. ಓರೆಯಾಗಿ ಇಳಿಸಿದರೆ ಅಲಗು ಸೊಟ್ಟಗಾಗುತ್ತದೆ. ನೀರಿಗೆ ಅದ್ದಿದರೆ ತೆಳು ಗೋಲುಳಿ ಮೂಲೆಯಿಂದ ಸೀಳುವುದುಂಟು. ಆಮೇಲೆ ಕೂಡಲೇ ಮೈ ಉಜ್ಜಿ, 200–220 ಡಿಗ್ರಿಯ ಓವನ್ನಿನಲ್ಲಿ ಒಂದು ಗಂಟೆಯಂತೆ ಎರಡು ಸಲ ಇಟ್ಟು ತೆಗೆಯಿರಿ. ಈ ಎರಡನೇ ಹಂತ ಬಿಟ್ಟರೆ ಉಳಿ ಗಾಜಿನಂತೆ ಒಡೆಯುತ್ತದೆ. ಎಣ್ಣೆಗೆ ಬೆಂಕಿ ಹತ್ತುವುದು ಸಾಮಾನ್ಯ. ಲೋಹದ ಡಬ್ಬಿ, ಅದಕ್ಕೊಂದು ಲೋಹದ ಮುಚ್ಚಳ ಕೈಗೆಟಕುವಲ್ಲಿರಲಿ, ಈ ಕೆಲಸ ಬಯಲಲ್ಲೇ ಆಗಲಿ.

ತುಕ್ಕು ಬಿಡಿಸುವುದು

ಮೇಲ್ಮೈ ತುಕ್ಕಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸವರಿ ರಾತ್ರಿಯಿಡೀ ಬಿಟ್ಟು, ಮಾರನೆಯ ದಿನ ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿದರೆ ಸಾಕು. ಗಟ್ಟಿ ತುಕ್ಕಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್ ಒಳ್ಳೆಯದು. ಒಂದು ಲೀಟರ್ ನೀರಿಗೆ 50 ಗ್ರಾಂ ಹಾಕಿ. ಒಂದು ಕಡೆ ಮುಚ್ಚಳ ಅಂಟಿಸಿದ ಒಂದೂವರೆ ಇಂಚಿನ ಪಿವಿಸಿ ಪೈಪಿನ ತುಂಡು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಉಳಿ ನೆಟ್ಟಗೆ ನಿಲ್ಲುತ್ತದೆ, ಹಿಡಿ ನೆನೆಯುವುದಿಲ್ಲ, ದ್ರಾವಣವೂ ಸ್ವಲ್ಪವೇ ಸಾಕು. ಗಂಟೆಗೊಮ್ಮೆ ತೆಗೆದು ಬ್ರಷ್ ಮಾಡಿ. ಹೆಚ್ಚಿನ ಉಳಿಗಳು 2ರಿಂದ 6 ಗಂಟೆಯೊಳಗೆ ಬೂದು ಬಣ್ಣಕ್ಕೆ ಬರುತ್ತವೆ. ಹಾಗೇ ಮರೆತು ಮಲಗಿದರೆ ಆಮ್ಲ ಒಳ್ಳೆಯ ಉಕ್ಕನ್ನೂ ತಿನ್ನತೊಡಗುತ್ತದೆ. ಗಡಸು ಉಕ್ಕು ಹೈಡ್ರೋಜನ್ ಹೀರಿಕೊಂಡು ಪೆಡಸಾಗುವ ಅಪಾಯವೂ ಇದೆ.

ಹೊರತೆಗೆದ ಮೇಲೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ಅದರಲ್ಲಿ ಅದ್ದಿ, ತೊಳೆದು, ಬಿಸಿ ಗಾಳಿಯಲ್ಲಿ ಒಣಗಿಸಿ, ತಕ್ಷಣ ಹೊಲಿಗೆ ಯಂತ್ರದ ಎಣ್ಣೆ ಸವರಿ. ಇಲ್ಲಿ ಐದು ನಿಮಿಷ ತಡವಾದರೂ ಕೇಸರಿ ಬಣ್ಣದ ಹೊಸ ತುಕ್ಕು ಏಳುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬೇಗ ಕೆಲಸ ಮಾಡುತ್ತದೆಂದು ಬಳಸುವವರಿದ್ದಾರೆ. ಅದರ ಹಬೆ ಅದೇ ಕೋಣೆಯಲ್ಲಿರುವ ಉಳಿದೆಲ್ಲ ಸಲಕರಣೆಗೂ ತುಕ್ಕು ಹಿಡಿಸುತ್ತದೆ. ಒಂದು ಉಳಿಯ ಆಸೆಗೆ ಇಪ್ಪತ್ತು ಉಳಿ ಕೆಡಿಸಿಕೊಂಡಂತೆ.

ಬೆನ್ನಿನ ಕಪ್ಪು ಛಾಯೆಯನ್ನು ಹಾಗೇ ಬಿಡಿ. ಅದು ಕೆಲಸಕ್ಕೆ ಅಡ್ಡಿಯಲ್ಲ, ಎಣ್ಣೆಯನ್ನೂ ಹಿಡಿದಿಡುತ್ತದೆ. ಬಫಿಂಗ್ ಚಕ್ರಕ್ಕೆ ಹಿಡಿದು ಮುದ್ರೆ ಅಳಿಸಿಹಾಕುವುದು ಹಳೆಯ ಉಳಿಗೆ ಮಾಡುವ ಅನ್ಯಾಯ.

ಒಳಮೈ

ಕಾಲುವೆಯ ಬಾಗಿಗಿಂತ ಸ್ವಲ್ಪ ಸಣ್ಣ ಸುತ್ತಿನ ಮರದ ಕಡ್ಡಿ ಬೇಕು. 12 ಮಿಲಿಮೀಟರ್ ಅಗಲದ ಅರ್ಧವೃತ್ತದ ಉಳಿಗೆ 10 ಮಿಲಿಮೀಟರ್ ಕಡ್ಡಿ, ಚಪ್ಪಟೆ ಬಾಗಿನ ಉಳಿಗೆ ಹಳೆಯ ಪೊರಕೆ ಹಿಡಿಯಷ್ಟು ದಪ್ಪದ್ದು. ಕಡ್ಡಿ ಕಾಲುವೆಗಿಂತ ದೊಡ್ಡದಾದರೆ ಮೂಲೆಗಳನ್ನಷ್ಟೇ ತಿನ್ನುತ್ತದೆ, ನಡುವಿನ ಗುಳಿಗಳು ಹಾಗೇ ಉಳಿಯುತ್ತವೆ. ಕಡ್ಡಿಗೆ ವಾಟರ್ ಪೇಪರ್ (ನೀರಿಗೆ ಹಾಳಾಗದ ಉಜ್ಜುಕಾಗದ) ಸುತ್ತಿ. ಕಾರಿಗೆ ಬಣ್ಣ ಹೊಡೆಯುವವರ ಸಾಮಾನಿನ ಅಂಗಡಿಗಳಲ್ಲಿ ಎಲ್ಲ ನಂಬರೂ ಸಿಗುತ್ತವೆ, ನಂಬರ್ ಹೆಚ್ಚಿದಷ್ಟೂ ನಯ. 220ರಿಂದ ಶುರುಮಾಡಿ 400, 800, 1500ಕ್ಕೆ ಹೋಗಿ. ಉಳಿಯನ್ನು ವೈಸ್‌ನಲ್ಲಿ ಗೋಣಿಪಟ್ಟಿ ಸುತ್ತಿ ಬಾಯಿ ನಿಮ್ಮತ್ತ ಬರುವಂತೆ ಕಟ್ಟಿ, ಕಡ್ಡಿಯನ್ನು ಕಾಲುವೆಯ ಉದ್ದಕ್ಕೆ ಸಮವಾಗಿ ಮಲಗಿಸಿ ಎಳೆಯಿರಿ.

ಇಲ್ಲಿ ಕಡ್ಡಿಯ ತುದಿ ಮೇಲೆದ್ದರೆ ಬಾಯಿಯ ಒಳಅಂಚು ದುಂಡಗಾಗುತ್ತದೆ. ಅದು ಕಣ್ಣಿಗೆ ಕಾಣದು. ಆಮೇಲೆ ಎಷ್ಟು ಮಸೆದರೂ ಹರಿತ ಯಾಕೆ ಬರುತ್ತಿಲ್ಲವೆಂದು ತಲೆ ಕೆಡಿಸಿಕೊಳ್ಳುವುದಷ್ಟೇ ಉಳಿಯುತ್ತದೆ. ಎಡಗೈಯ ಹೆಬ್ಬೆರಳಿನಿಂದ ಕಡ್ಡಿಯನ್ನು ಕಾಲುವೆಗೆ ಒತ್ತಿಯೇ ಇಟ್ಟುಕೊಳ್ಳಿ. ಪ್ರತಿ ನಂಬರ್ ಬದಲಿಸುವಾಗ ಹಿಂದಿನ ಗೀರು ಪೂರ್ತಿ ಹೋಗಿದೆಯೇ ಎಂದು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಾಯಿಯಿಂದ 20–25 ಮಿಲಿಮೀಟರ್ ಭಾಗ ಕನ್ನಡಿಯಂತಾದರೆ ಸಾಕು, ಅದರ ಹಿಂದಿನದು ಬೂದುಬಣ್ಣದಲ್ಲೇ ಇರಲಿ. 220ರ ಹಂತಕ್ಕೆ ಒಂದು ಉಳಿಗೆ ಅರ್ಧ ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಇದೊಂದು ಸಲ ಆದರೆ ಉಳಿಯ ಆಯುಷ್ಯದಲ್ಲಿ ಮತ್ತೆ ಮಾಡಬೇಕಾಗಿಲ್ಲ.

ಬಿಳಿ ಗೆರೆ

ಈಗ ಬಾಯಿಯನ್ನು ಬೇಕೆಂದೇ ಮೊಂಡು ಮಾಡಬೇಕು. ಹಳೆಯ ಉಳಿಗಳ ಬಾಯಿ ಒಂದು ಕಡೆ ಸವೆದು ಓರೆಯಾಗಿರುತ್ತದೆ, ಮೂಲೆ ಹಿಂದೆ ಬಿದ್ದಿರುತ್ತದೆ, ನಡುವೆ ಹಲ್ಲು ಮುರಿದಿರುತ್ತದೆ. ಉಳಿಯನ್ನು ಸಾಣೆಕಲ್ಲಿನ ಮೇಲೆ ಪೆನ್ಸಿಲಿನಂತೆ ನೆಟ್ಟಗೆ, 90 ಡಿಗ್ರಿಯಲ್ಲಿ ನಿಲ್ಲಿಸಿ ಹಿಂದೆ ಮುಂದೆ ಉಜ್ಜಿ. ಹಲ್ಲು, ಗುಳಿ ಎಲ್ಲ ಹೋಗುವವರೆಗೆ ಬಿಡಬೇಡಿ. ಮುಗಿದ ಮೇಲೆ ದೀಪದ ಕೆಳಗೆ ಬಾಯಿಯನ್ನು ನೇರ ನೋಡಿದರೆ ಒಂದು ಬಿಳಿ ಗೆರೆ ಹೊಳೆಯುತ್ತದೆ. ಅದು ಮೊಂಡಾದ ಅಂಚಿನಿಂದ ತಿರುಗಿ ಬರುವ ಬೆಳಕು. ಮುಂದಿನ ಎಲ್ಲ ಕೆಲಸಕ್ಕೂ ಅದೇ ನಕ್ಷೆ. ಗೆರೆ ಎಲ್ಲಿ ದಪ್ಪವೋ ಅಲ್ಲಿ ಹೊರಗಿನಿಂದ ಹೆಚ್ಚು ತೇಯಬೇಕು, ಎಲ್ಲಿ ತೆಳುವೋ ಅಲ್ಲಿ ಹಗುರವಾಗಿ ತೇಯಬೇಕು, ಎಲ್ಲಿ ಮಾಯವಾಯಿತೋ ಅಲ್ಲಿ ಮುಟ್ಟಲೇಬಾರದು.

ಈ ಗೆರೆ ನೋಡದೆ ಮಸೆದವರ ಉಳಿಯೇ ಅಲೆಅಲೆಯಾಗಿರುವುದು.

ಹೊರಗಿನ ಓರೆ

ಕೊಡತಿಯಿಂದ ಬಡಿದು ತೇಗ, ಬೀಟೆ ಕೆತ್ತುವ ಉಳಿಗೆ 25 ಡಿಗ್ರಿ, ಕೈಯಿಂದ ತಳ್ಳಿ ಶಿವನೆಯಂಥ ಮೆದು ಮರ ಕೆತ್ತಲು 20 ಡಿಗ್ರಿ. ಶ್ರೀಗಂಧ ಒತ್ತಾದ, ನಯವಾದ ಎಳೆಯ ಮರ. ಸಣ್ಣ ಉಳಿಗಳಿಂದ ಕೈಯಲ್ಲೇ ಕೆತ್ತುವಾಗ 20–22 ಸಾಕು. ಪಟ್ಟಿ ಸ್ಪ್ರಿಂಗಿನ ಉಳಿಗೆ ಇದಕ್ಕೆ ಎರಡು ಡಿಗ್ರಿ ಸೇರಿಸಿ. ಕೋನಮಾಪಕ ಬೇಕಿಲ್ಲ, ಓರೆಯ ಉದ್ದ ಅಳೆದರೆ ಆಯಿತು. 3 ಮಿಲಿಮೀಟರ್ ದಪ್ಪದ ಅಲಗಿಗೆ 20 ಡಿಗ್ರಿ ಎಂದರೆ ಅಲಗಿನ ಉದ್ದಕ್ಕೆ ಅಳೆದಾಗ ಸುಮಾರು 8 ಮಿಲಿಮೀಟರ್, 25 ಡಿಗ್ರಿ ಎಂದರೆ ಸುಮಾರು ಆರೂವರೆ. 2 ಮಿಲಿಮೀಟರ್ ದಪ್ಪಕ್ಕೆ ಐದೂವರೆ ಮತ್ತು ನಾಲ್ಕೂಕಾಲು.

ಹೆಚ್ಚು ಲೋಹ ತೆಗೆಯಬೇಕಿದ್ದರೆ ಬೆಂಚ್ ಗ್ರೈಂಡರ್ ಬಳಸಬಹುದು. ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಚಕ್ರ, 60 ಅಥವಾ 80 ನಂಬರ್ ಇರಲಿ. ಗ್ರೈಂಡರ್ ಜೊತೆಗೇ ಬರುವ ಬೂದು ಚಕ್ರ ಗಟ್ಟಿ, ಬೇಗ ಕಾಯಿಸುತ್ತದೆ. ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಪಕ್ಕದಲ್ಲಿ ನೀರಿನ ಡಬ್ಬಿ ಇರಲಿ, ಬೆರಳು ಬಾಯಿಯ ಹಿಂದೆಯೇ ಇರಲಿ. ಬೆರಳಿಗೆ ಬಿಸಿ ತಾಕಿತೆಂದರೆ ನೀರಿಗೆ. ಬಿಳಿ ಗೆರೆ ಅರ್ಧ ಮಿಲಿಮೀಟರ್ ಉಳಿದಾಗ ಯಂತ್ರ ನಿಲ್ಲಿಸಿ, ಯಾಕೆಂದರೆ ಅಂಚು ತೆಳುವಾದಂತೆ ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿಯಾಗುತ್ತದೆ. ಗೋಡೆ ಕೊರೆಯಲು ಬಳಸುವ ನಾಲ್ಕಿಂಚಿನ ಆ್ಯಂಗಲ್ ಗ್ರೈಂಡರ್ ಅನ್ನು ಉಳಿಯ ಹತ್ತಿರಕ್ಕೂ ತರಬೇಡಿ.

ಉಳಿದದ್ದು ಕಲ್ಲಿನ ಮೇಲೆ. ಎರಡು ಮುಖದ (ಒಂದು ತರಿ, ಇನ್ನೊಂದು ನಯ) ಕಾರ್ಬೊರಂಡಮ್ ಸಾಣೆಕಲ್ಲು ಸಾಕು. ಅದಕ್ಕೆ ಹೊಲಿಗೆ ಯಂತ್ರದ ಎಣ್ಣೆ ಇಲ್ಲವೇ ಸೀಮೆಎಣ್ಣೆ ಹಾಕಿ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಹಾಕಿದರೆ ಕೆಲವೇ ತಿಂಗಳಲ್ಲಿ ಅಂಟಾಗಿ ಕಲ್ಲಿನ ಕಣ್ಣು ಮುಚ್ಚಿಹೋಗುತ್ತದೆ. ಕಲ್ಲನ್ನು ನಿಮ್ಮ ಮುಂದೆ ಅಡ್ಡಕ್ಕೆ ಇಡಿ. ಉಳಿ ನಿಮ್ಮಿಂದ ಆಚೆಗೆ ಮುಖ ಮಾಡಿರಲಿ. ಕಲ್ಲಿನ ಎಡತುದಿಯಲ್ಲಿ ಓರೆಯ ಒಂದು ಮೂಲೆ ಊರಿ ಬಲಕ್ಕೆ ಸರಿಯುತ್ತಾ ಮಣಿಕಟ್ಟನ್ನು ಹೊರಳಿಸಿ. ಬಲತುದಿ ಮುಟ್ಟುವ ಹೊತ್ತಿಗೆ ಇನ್ನೊಂದು ಮೂಲೆ ಊರಿರಬೇಕು. ಹಾಗೇ ಹಿಂದಕ್ಕೆ. ಹಿಮ್ಮಡಿ, ಅಂದರೆ ಓರೆಯ ಹಿಂಭಾಗ, ಕಲ್ಲು ಬಿಡಬಾರದು.

ಓರೆಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ನಾಲ್ಕು ಎಳೆತ ಎಳೆದು ನೋಡಿ. ಮಸಿ ಎಲ್ಲ ಕಡೆ ಸಮನಾಗಿ ಅಳಿಸಿದ್ದರೆ ಕೈ ಸರಿಯಿದೆ. ಮೂಲೆಗಳಲ್ಲಿ ಮಸಿ ಉಳಿದರೆ ಹೊರಳಿಕೆ ಸಾಲದು. ಮೂಲೆ ದಾಟಿ ಹೊರಳಿಸಿದರೆ ಮೂಲೆಗಳೇ ತೇದುಹೋಗಿ ಬಾಯಿ ಉಗುರಿನಂತೆ ದುಂಡಗಾಗುತ್ತದೆ. ಬಹುತೇಕ ಹಳೆಯ ಉಳಿಗಳಿಗೆ ಆಗಿರುವ ಗತಿ ಇದೇ, ಅದನ್ನು ಸರಿಪಡಿಸಲು ಮತ್ತೆ ಬಿಳಿ ಗೆರೆಯಿಂದಲೇ ಶುರುಮಾಡಬೇಕು.

ಬಿಳಿ ಗೆರೆ ಕೂದಲೆಳೆಯಷ್ಟಾಗಿ ಕೊನೆಗೆ ಮಾಯವಾದಾಗ ಒಳಗಡೆ ಬೆರಳು ಆಡಿಸಿ ನೋಡಿ, ಅಂಚಿಗೆ ತರಿತರಿ ಸಿಗುತ್ತದೆ. ಫಿಟ್ಟರ್‌ಗಳು ಅದನ್ನು ಬರ್ ಅನ್ನುತ್ತಾರೆ. ಅದು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬಿಡದೆ ಸಿಕ್ಕಿದರೆ ಮಾತ್ರ ಮುಂದಿನ ಕಲ್ಲಿಗೆ ಹೋಗಿ. ನಯದ ಮುಖ, ಆಮೇಲೆ ಗಾಜಿನ ಮೇಲೆ ಅಂಟಿಸಿದ 1000, 2000ದ ವಾಟರ್ ಪೇಪರ್. ಪೇಪರಿನ ಮೇಲೆ ಬಾಯಿಯನ್ನು ಮುಂದಕ್ಕೆ ತಳ್ಳಬೇಡಿ, ಹರಿಯುತ್ತದೆ. ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಮಾತ್ರ ಎಳೆಯಿರಿ.

ಒಳಓರೆ

ಗಟ್ಟಿ ಮರ ಕೆತ್ತುವ ಉಳಿಗೆ ಒಳಗಡೆಯಿಂದಲೂ 5–10 ಡಿಗ್ರಿಯ ಪುಟ್ಟ ಓರೆ ಕೊಡುವುದು ಲಾಭ. ದುಂಡಂಚಿನ ಸಣ್ಣ ಸಾಣೆಕಲ್ಲನ್ನು (ಸ್ಲಿಪ್ ಕಲ್ಲು), ಅದಿಲ್ಲದಿದ್ದರೆ 1000ದ ಪೇಪರ್ ಸುತ್ತಿದ ಕಡ್ಡಿಯನ್ನು, ಕಾಲುವೆಯಿಂದ ತುಸುವೇ ಎತ್ತಿ ಎಳೆಯಿರಿ. ಉದ್ದ 2 ಮಿಲಿಮೀಟರ್ ದಾಟುವುದು ಬೇಡ. ಅಂಚು ಗಟ್ಟಿಯಾಗುತ್ತದೆ, ಉಳಿಯನ್ನು ಬೋರಲು ಹಿಡಿದು ಉಬ್ಬು ಕೆತ್ತುವಾಗ ಅದು ಮರದೊಳಗೆ ಧುಮುಕುವುದಿಲ್ಲ. ಮೇಲೆ ಹೇಳಿದ 'ಕಡ್ಡಿ ಎತ್ತಬೇಡಿ' ಎಂಬ ಮಾತಿಗೂ ಇದಕ್ಕೂ ವಿರೋಧವಿಲ್ಲ. ಅಲ್ಲಿ ಗೊತ್ತಿಲ್ಲದೆ ದುಂಡಗಾಗುತ್ತಿತ್ತು, ಇಲ್ಲಿ ಗೊತ್ತಿದ್ದು ಸಮನಾದ ಓರೆ ಕೊಡುತ್ತಿದ್ದೀರಿ.

ವಿ ಉಳಿಯ ಕೊಕ್ಕು

ವಿ ಆಕಾರದ ಉಳಿಯನ್ನು ಎರಡು ಚಪ್ಪಟೆ ಉಳಿಗಳೆಂದು ತಿಳಿದು ಎರಡೂ ಪಕ್ಕ ಬೇರೆಬೇರೆಯಾಗಿ ಮಸೆಯಬೇಕು. ಅಷ್ಟಕ್ಕೇ ನಿಲ್ಲಿಸಿದರೆ ತಳದಲ್ಲಿ ಒಂದು ಕೊಕ್ಕು ಮುಂದಕ್ಕೆ ಚಾಚಿಕೊಳ್ಳುತ್ತದೆ, ಯಾಕೆಂದರೆ ಎರಡು ಗೋಡೆ ಕೂಡುವಲ್ಲಿ ಲೋಹ ದಪ್ಪ. ಆ ಕೊಕ್ಕನ್ನು ಮುರಿಯಲು ಹೋಗಬೇಡಿ. ಬೆನ್ನಿನ ಏಣನ್ನು ಒಂದು ಪುಟಾಣಿ ಗೋಲುಳಿಯೆಂದು ಭಾವಿಸಿ ಹಗುರವಾಗಿ ಹೊರಳಿಸಿ ತೇಯಿರಿ, ಕೊಕ್ಕು ತಾನಾಗಿ ಹಿಂದೆ ಸರಿಯುತ್ತದೆ. ಕೊಕ್ಕಿನ ಬದಲು ಅಲ್ಲಿ ಹಳ್ಳ ಕಂಡರೆ ಏಣನ್ನು ಅತಿಯಾಗಿ ತೇದಿದ್ದೀರಿ, ಪಕ್ಕಗಳನ್ನು ಹಿಂದಕ್ಕೆ ತರಬೇಕು.

ಚರ್ಮದ ಪಟ್ಟಿ

ಉಳಿದ ಬರ್ ಬಿಡಿಸಿ ಅಂಚಿಗೆ ಕೊನೆಯ ನಯ ಕೊಡುವುದು ಈ ಪಟ್ಟಿ. ಚಪ್ಪಲಿ ಸಾಮಾನಿನ ಅಂಗಡಿಯ 3 ಮಿಲಿಮೀಟರ್ ಗಟ್ಟಿ ಚರ್ಮವನ್ನು ಹಲಗೆಗೆ ಅಂಟಿಸಿ, ಸ್ಟೀಲ್ ಪಾಲಿಶ್ ಮಾಡುವವರು ಬಳಸುವ ಹಸಿರು ಸೋಪನ್ನು ತಿಕ್ಕಿ. ಅದರಲ್ಲಿರುವುದು ಕ್ರೋಮಿಯಂ ಆಕ್ಸೈಡ್. ಬಾಯಿ ಹಿಂದಿರುವಂತೆ ಎಳೆಯುತ್ತಾ ಹೊರಳಿಸಿ, ಹೊರಗೆ 15–20 ಸಲ. ಒಳಗೆ ಚರ್ಮ ಸುತ್ತಿದ ಕಡ್ಡಿಯಿಂದ 8–10 ಸಲ. ಇನ್ನೂ ಒಳ್ಳೆಯ ಉಪಾಯವೊಂದಿದೆ: ಮೆದು ಮರದ ತುಂಡಿನಲ್ಲಿ ಅದೇ ಉಳಿಯಿಂದ ಉದ್ದಕ್ಕೊಂದು ಕಾಲುವೆ ಕೆತ್ತಿ, ಅದಕ್ಕೆ ಹಸಿರು ಸೋಪು ಬಳಿದರೆ ಆ ಉಳಿಯ ಬೆನ್ನಿಗೆ ಅಳತೆ ತೆಗೆದು ಮಾಡಿಸಿದ ಪಟ್ಟಿ ಸಿಕ್ಕಂತೆ.

ಹೆಚ್ಚು ಎಳೆದರೆ ಹೆಚ್ಚು ಹರಿತ ಅನ್ನುವ ಲೆಕ್ಕ ಇಲ್ಲಿ ನಡೆಯದು. ಚರ್ಮ ಮೆತ್ತಗಿರುವುದರಿಂದ ಅಂಚಿನ ಸುತ್ತ ತಗ್ಗಿ ಎದ್ದು ಬಾಯಿಯನ್ನು ದುಂಡಗೆ ಮಾಡುತ್ತದೆ.

ಮರದ ಮೇಲೆ ಪರೀಕ್ಷೆ

ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರವನ್ನು ಎಳೆಗೆ ಅಡ್ಡವಾಗಿ ಕೆತ್ತಿ. ಗಟ್ಟಿ ಮರ ಮೊಂಡು ಉಳಿಗೂ ಒಪ್ಪವಾಗಿ ಕಾಣುತ್ತದೆ, ಮೆದು ಮರ ಮೋಸ ಮಾಡುವುದಿಲ್ಲ. ಕಾಲುವೆ ಹೊಳೆಯಬೇಕು. ಉದ್ದಕ್ಕೆ ಬಿಳಿ ಗೀರು ಬಿದ್ದರೆ ಅದೇ ಜಾಗದಲ್ಲಿ ಬಾಯಿಗೆ ಹಲ್ಲು ಇದೆ ಅಥವಾ ಬರ್ ಪೂರ್ತಿ ಹೋಗಿಲ್ಲ. ಕಾಲುವೆಯ ಒಂದು ದಡ ಮಾತ್ರ ಹರಿದರೆ ಆ ಮೂಲೆ ದುಂಡಗಾಗಿದೆ. ಉಳಿ ಮರ ಕಚ್ಚದೆ ಮೇಲೆ ಜಾರಿದರೆ ಓರೆ ಹೊಟ್ಟೆ ಬಿಟ್ಟಿದೆ, ನೀವು ಹಿಡಿಯನ್ನು ಎತ್ತೆತ್ತಿ ಕೆತ್ತುತ್ತಿದ್ದೀರಿ. ಹತ್ತು ಪೆಟ್ಟಿಗೆ ಅಂಚು ಚಕ್ಕೆ ಎದ್ದರೆ ಎರಡು ಡಿಗ್ರಿ ಹೆಚ್ಚಿಸಿ. ಚಕ್ಕೆಯೇಳದೆ ಮಡಚಿಕೊಂಡರೆ ಇನ್ನೂ ಸುಟ್ಟ ಉಕ್ಕಿನಲ್ಲೇ ಇದ್ದೀರಿ.

ಹಿಡಿ

ಜಾಲಿ, ಸೀಬೆ, ಹುಣಸೆ, ಬೀಟೆ ಯಾವುದಾದರೂ ಆದೀತು, ಚೆನ್ನಾಗಿ ಒಣಗಿರಬೇಕು. ದುಂಡಗಿನ ಹಿಡಿಗಿಂತ ಎಂಟು ಮುಖದ ಹಿಡಿ ಒಳ್ಳೆಯದು, ಬೆಂಚಿನಿಂದ ಉರುಳಿ ಕಾಲ ಮೇಲೆ ಬೀಳದು. ಬಾಲ ತುದಿಯಲ್ಲಿ 3, ಬುಡದಲ್ಲಿ 8 ಮಿಲಿಮೀಟರ್ ಇದ್ದರೆ ಮೊದಲು 3ರ ಬಿಟ್‌ನಲ್ಲಿ 50 ಮಿಲಿಮೀಟರ್ ಆಳ, ಆಮೇಲೆ 5ರಲ್ಲಿ 30, ಕೊನೆಗೆ 7ರಲ್ಲಿ 12 ಆಳ ಕೊರೆಯಿರಿ. ತುದಿಗೆ ಹಿತ್ತಾಳೆ ಬಳೆ ಬಡಿದು ಕೂರಿಸಿದ ಮೇಲೆಯೇ ಬಾಲ ಇಳಿಸಬೇಕು, ಇಲ್ಲದಿದ್ದರೆ ಹಿಡಿ ಸೀಳುತ್ತದೆ. ಕೊನೆಯ 5 ಮಿಲಿಮೀಟರ್ ಉಳಿದಾಗ ಉಳಿಯ ಬಾಯಿಗೆ ಬಡಿಯಬೇಡಿ. ಹಿಡಿಯನ್ನು ಮೇಲೆ, ಉಳಿಯನ್ನು ಕೆಳಕ್ಕೆ ತೂಗಹಿಡಿದು ಹಿಡಿಯ ತಲೆಗೆ ಕೊಡತಿಯಲ್ಲಿ ಬಡಿದರೆ ಅಲಗು ತನ್ನ ಜಡತ್ವದಿಂದಲೇ ಒಳಗೆ ಏರುತ್ತದೆ. ಅಗಸೆ ಎಣ್ಣೆ ಹಚ್ಚುವುದಾದರೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಿ.

ಇಡುವ ಬಗೆ

ಮಲೆನಾಡಿನ ಮಳೆಗಾಲದಲ್ಲಿ ಒಂದೇ ವಾರಕ್ಕೆ ಕನ್ನಡಿಯಂಥ ಒಳಮೈ ಮಂಕಾಗುತ್ತದೆ. ಕೆಲಸ ಮುಗಿದ ಕೂಡಲೇ ಯಂತ್ರದ ಎಣ್ಣೆ ಸವರಿ, ದಪ್ಪ ಕ್ಯಾನ್ವಾಸಿನ ಸುರುಳಿಯಲ್ಲಿ ಬಾಯಿಗೆ ಬಾಯಿ ತಾಕದಂತೆ ಇಡಿ. ಚರ್ಮದ ಸುರುಳಿ ನೋಡಲು ಚೆಂದ, ಆದರೆ ಹದ ಮಾಡಿದ ಚರ್ಮದಲ್ಲಿ ಉಳಿದ ಆಮ್ಲ, ಉಪ್ಪು ಉಕ್ಕನ್ನು ಕಚ್ಚುತ್ತವೆ. ಕೆತ್ತುವಾಗ 15–20 ನಿಮಿಷಕ್ಕೊಮ್ಮೆ ಪಟ್ಟಿಗೆ ನಾಲ್ಕೈದು ಎಳೆತ ಕೊಡುತ್ತಿದ್ದರೆ ಕಲ್ಲಿಗೆ ಹೋಗುವ ಕೆಲಸ ಅಪರೂಪ. ಪಟ್ಟಿ ಎಳೆದ ಮೇಲೂ ದೀಪದಡಿ ಅಂಚಿನಲ್ಲಿ ಬಿಳಿ ಚುಕ್ಕಿ ಹೊಳೆದರೆ 2000ದ ಪೇಪರಿಗೆ ಹಿಂತಿರುಗಿ, ಚುಕ್ಕಿ ಇರುವ ಜಾಗಕ್ಕಷ್ಟೇ ಅಲ್ಲದೆ ಇಡೀ ಬಾಗಿಗೆ ಹೊರಳಿಸಿ.